ಶುಶ್ರೂಷೆ ಎಂದರೆ ಕೇಳುವ ಬಯಕೆ

2025ರ ಜೂನ್ ತಿಂಗಳು. ಹಾಸನ ಜಿಲ್ಲೆಯಲ್ಲಿ ಎದೆಯೊಳಗೆ ಚುಳುಕ್ ಎಂದರೂ ಜನ ಬೆಚ್ಚಿಬೀಳುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಹರಟಿದವರು ಬೆಳಿಗ್ಗೆ ಇಲ್ಲ ಎಂಬಂಥ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದನೆಯ ಸಾಲು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಹೃದಯಾಘಾತ ಅಸಹಜವಾಗಿ ಏರಿದ್ದಕ್ಕೆ ಆಧಾರವಿಲ್ಲ ಎಂದು ವರದಿ ಕೊಟ್ಟಿತು. ಭಯ ಇಳಿಯಿತು. ಅದರ ಜೊತೆ ಚರ್ಚೆಯೂ ಇಳಿಯಿತು.

ಆ ಚರ್ಚೆಯಲ್ಲಿ ಲಸಿಕೆ ಬಂತು, ಮಾನಸಿಕ ಒತ್ತಡ ಬಂತು, ಕರಿದ ತಿಂಡಿ ಬಂತು, ವೈದ್ಯರ ಕೊರತೆಯೂ ಬಂತು. ಅರಸೀಕೆರೆಯಲ್ಲೋ ಬೇಲೂರಿನಲ್ಲೋ ರಾತ್ರಿ ಹನ್ನೊಂದು ಗಂಟೆಗೆ ಎದೆ ಹಿಡಿದುಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದವರನ್ನು ಮೊದಲು ಎದುರುಗೊಳ್ಳುವ ನರ್ಸ್ ಮಾತ್ರ ಬರಲೇ ಇಲ್ಲ. ಎರಡು ಊರಿನಿಂದಲೂ ಜಿಲ್ಲಾ ಕೇಂದ್ರಕ್ಕೆ ಸುಮಾರು 40 ಕಿಲೋಮೀಟರ್. ಆ ದಾರಿಯನ್ನು ರೋಗಿ ಜೀವಸಹಿತ ದಾಟುವುದು, ಅದಕ್ಕೂ ಮೊದಲಿನ ಹತ್ತು ನಿಮಿಷದಲ್ಲಿ ಈ ನರ್ಸ್ ಏನು ಕೇಳಿದರು, ಏನನ್ನು ಕೇಳಿಸಿಕೊಂಡರು ಎಂಬುದರ ಮೇಲೂ ನಿಂತಿರುತ್ತದೆ. ಇವರಿಗೆ ನಾವು ಏನು ಕಲಿಸುತ್ತಿದ್ದೇವೆ, ಹೇಗೆ ಕಲಿಸುತ್ತಿದ್ದೇವೆ ಎಂಬುದು ನರ್ಸಿಂಗ್ ಕಾಲೇಜಿನ ಗೋಡೆಯೊಳಗಿನ ವಿಷಯ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಅದು ತಪ್ಪು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಹಳೇಬೀಡಿನ ಕಡೆಯ ಹಳ್ಳಿಯಿಂದ ಅರವತ್ತೈದು ದಾಟಿದ ಅಜ್ಜಿಯನ್ನು ಮಗ ಕರೆತಂದಿದ್ದಾನೆ. ಬೆವರು, ಸುಸ್ತು, ಎಡಗೈ ಸೆಳೆತ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ, ಇಂಥವರ ಇಸಿಜಿಯನ್ನು ತಾಲ್ಲೂಕು ಮಟ್ಟದಲ್ಲೇ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಯಂತ್ರ ಇದೆ, ಔಷಧ ಇದೆ. ಆದರೆ ಅಜ್ಜಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಪರದೆ ಇಲ್ಲ, ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದಾರೆ. ಅವಸರದಲ್ಲಿ ರವಿಕೆಯ ಮೇಲ್ಭಾಗವನ್ನಷ್ಟೇ ಸರಿಸಿ, ಸಿಕ್ಕ ಜಾಗಕ್ಕೆ ಲೀಡ್‌ಗಳನ್ನು ಅಂಟಿಸಿದರೆ ಏನಾಗುತ್ತದೆ? ಮೊದಲ ಎರಡು ಲೀಡ್ ಎದೆಮೂಳೆಯ ಎರಡು ಪಕ್ಕ, ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲೇ ಕೂರಬೇಕು. ನಾಲ್ಕನೆಯದು ಅದಕ್ಕೂ ಒಂದು ಸಂದು ಕೆಳಗೆ, ಸ್ತನದ ಅಡಿಯಲ್ಲಿ. ಎರಡು ಬೆರಳು ಮೇಲೆ ಹೋದರೆ ಸಾಕು, ಇಲ್ಲದ ಹಳೆಯ ಆಘಾತದ ಗುರುತು ಕಾಗದದ ಮೇಲೆ ಮೂಡಬಹುದು. ಇರುವ ಆಘಾತ ಮರೆಯಾಗಲೂಬಹುದು. ದೂರದಲ್ಲಿ ಕೂತ ತಜ್ಞರು ಎಷ್ಟೇ ಜಾಣರಾದರೂ ತಪ್ಪಾಗಿ ತೆಗೆದ ಇಸಿಜಿಯನ್ನು ಸರಿಯಾಗಿ ಓದಲಾರರು.

ಈಗ ಇನ್ನೊಬ್ಬ ನರ್ಸ್ ಬರುತ್ತಾರೆ. ಬಾಗಿಲಲ್ಲಿದ್ದವರನ್ನು ಆಚೆ ಕಳಿಸಿ, ಬಾಗಿಲು ಹಾಕಿ, ಒಂದು ಬೆಡ್‌ಶೀಟ್ ಹೊದಿಸಿ, 'ಅಜ್ಜೀ, ಎದೆ ಮೇಲೆ ಆರು ಕಡೆ ಅಂಟಿಸ್ತೀನಿ, ಕರೆಂಟ್ ಹೊಡೆಯಲ್ಲ, ಒಂದೇ ನಿಮಿಷ, ನಾನೊಬ್ಳೇ ಇರ್ತೀನಿ' ಎನ್ನುತ್ತಾರೆ. ಅಜ್ಜಿಯ ಕೈ ಸಡಿಲವಾಗುತ್ತದೆ. ಇದಕ್ಕೆ ಹಿಡಿದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ಮರ್ಯಾದೆಯ ಲೆಕ್ಕಕ್ಕೆ ಬರೆಯೋಣವೇ, ನಿಖರತೆಯ ಲೆಕ್ಕಕ್ಕೋ?

ಎರಡು ಖಾತೆಯೇ ಇಲ್ಲ ಎಂಬುದು ನನ್ನ ವಾದ. ನರ್ಸಿಂಗ್ ಪಠ್ಯದಲ್ಲಿ 'ಸುರಕ್ಷಿತ ಆರೈಕೆ' ಒಂದು ಕಡೆ, 'ರೋಗಿಕೇಂದ್ರಿತ ಆರೈಕೆ' ಇನ್ನೊಂದು ಕಡೆ ಬರುತ್ತವೆ. ಮೊದಲನೆಯದು ವಿಜ್ಞಾನ, ಎರಡನೆಯದು ಸೌಜನ್ಯ. ಮೊದಲನೆಯದು ಕಡ್ಡಾಯ, ಎರಡನೆಯದು ಪುರುಸೊತ್ತಿದ್ದರೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಆಸ್ಪತ್ರೆ ನಡೆಸುವವರಲ್ಲೂ ಇದೆ. ನಮ್ಮ ಭಾಷೆ ಬಳಸುವ ಪದ ಹೀಗೆ ಹೋಳು ಮಾಡುವುದಿಲ್ಲ. ಶುಶ್ರೂಷೆ ಎಂಬುದು 'ಶ್ರು', ಅಂದರೆ ಕೇಳು ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು. ಅದರ ಮೂಲಾರ್ಥ ಕೇಳುವ ಬಯಕೆ. ಸೇವೆ, ಉಪಚಾರ ಎಂಬ ಅರ್ಥಗಳು ಆಮೇಲೆ ಬೆಳೆದವು. ಸರ್ಕಾರಿ ಕಾಗದದಲ್ಲಿ ನರ್ಸ್ ಈಗ 'ಶುಶ್ರೂಷಾಧಿಕಾರಿ'. ಆ ಹೆಸರಿನ ಮೊದಲರ್ಧ ಏನು ಹೇಳುತ್ತದೆ ಎಂಬುದನ್ನು ತರಗತಿಯ ಮೊದಲ ದಿನವೇ ಹೇಳಬೇಕು.

ಪಠ್ಯಕ್ರಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯವನ್ನು ಸೆಮಿಸ್ಟರ್ ಪದ್ಧತಿಗೆ ತಂದು ತಿದ್ದಿತು. ಹಿಂದೆ 'ಮೆಡಿಕಲ್ ಸರ್ಜಿಕಲ್ ನರ್ಸಿಂಗ್' ಎನ್ನುತ್ತಿದ್ದ ವಿಷಯಕ್ಕೆ 'ಅಡಲ್ಟ್ ಹೆಲ್ತ್ ನರ್ಸಿಂಗ್' ಎಂಬ ಹೆಸರು ಬಂತು. ಹಳೆಯ ಹೆಸರಿನಲ್ಲಿ ಆಸ್ಪತ್ರೆಯ ವಿಭಾಗಗಳಿದ್ದವು, ಹೊಸ ಹೆಸರಿನಲ್ಲಿ ಮನುಷ್ಯರಿದ್ದಾರೆ. ಮೂರನೆಯ ಸೆಮಿಸ್ಟರ್‌ನಲ್ಲಿ ಇದರ ಮೊದಲ ಭಾಗಕ್ಕೆ 140 ಗಂಟೆ ಪಾಠ, 40 ಗಂಟೆ ಪ್ರಯೋಗಾಲಯ, 480 ಗಂಟೆ ವಾರ್ಡ್ ಎಂದು ನಿಗದಿಯಾಗಿದೆ. ಪಾಠದ ಮೂರರಷ್ಟಕ್ಕೂ ಹೆಚ್ಚು ಹೊತ್ತು ರೋಗಿಯ ಮಂಚದ ಪಕ್ಕದಲ್ಲಿ ಕಲಿಯಬೇಕು ಎಂದರ್ಥ. ಆಲೋಚನೆ ಸರಿಯಾಗಿದೆ. ಆ 480 ಗಂಟೆಯಲ್ಲಿ ವಿದ್ಯಾರ್ಥಿ ಯಾವ ಭಾಷೆಯಲ್ಲಿ, ಯಾರ ಮಾತನ್ನು ಕೇಳಲು ಕಲಿಯುತ್ತಾರೆ ಎಂಬಲ್ಲಿ ತೊಡಕು ಶುರುವಾಗುತ್ತದೆ.

ಪುಸ್ತಕದ ಪ್ರಕಾರ ಹೃದಯಾಘಾತದ ನೋವು ಹಿಂಡುವ, ಒತ್ತುವ, ದವಡೆಗೂ ತೋಳಿಗೂ ಹರಡುವ ನೋವು. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ದಿನವಿಡೀ ಮೂಟೆ ಹೊತ್ತವರು ಆಸ್ಪತ್ರೆಗೆ ಬಂದು ಈ ಭಾಷೆ ಆಡುವುದಿಲ್ಲ. 'ಗ್ಯಾಸ್ಟ್ರಿಕ್ಕು ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿ' ಎನ್ನುತ್ತಾರೆ. ಇಲ್ಲವೇ 'ವಾಯು ತುಂಬ್ಕಂಡದೆ', 'ಎದೆ ಹಿಡ್ಕಂಡಂಗೆ ಆಗ್ತದೆ', 'ಕಣ್ಣು ಕತ್ಲೆ ಬಂತು', 'ಯಾಕೋ ಜೀವ ಒಂಥರಾ ಆಗ್ತದೆ'. ಗ್ಯಾಸ್ಟ್ರಿಕ್ ಎಂಬುದು ಇಂದು ಕನ್ನಡದ ಪದವೇ. ಎದೆಯಿಂದ ಹೊಕ್ಕಳಿನ ತನಕ ಆಗುವ ಎಲ್ಲ ಸಂಕಟಕ್ಕೂ ಅದೊಂದೇ ಹೆಸರು. ರೋಗಿ ಹೇಳಿದ್ದನ್ನು ಹಾಗೇ ಬರೆದುಕೊಂಡು ಆಸಿಡಿಟಿಯ ಮದ್ದು ಕೊಟ್ಟು ಕಳಿಸಿದರೆ ಅದು ರೋಗಿಯ ಮಾತು ಕೇಳಿದಂತಲ್ಲ. 'ಗ್ಯಾಸ್ಟ್ರಿಕ್ ಅಂದ್ರೆ ನಿಮಗೆ ಏನಾಗ್ತದೆ? ಎಲ್ಲಿ, ಕೈಯಿಟ್ಟು ತೋರಿಸಿ. ನಡೆದರೆ ಜಾಸ್ತಿ ಆಗ್ತದಾ? ಬೆವರು ಬಂತಾ?' ಎಂದು ಕೆದಕಿದಾಗಷ್ಟೇ ಕೇಳಿದಂತೆ. ಒಂದು ಬೆರಳಿನಿಂದ ತೋರಿಸುವ ನೋವಿಗೂ ಮುಷ್ಟಿಯನ್ನೇ ಎದೆಯ ನಡುವೆ ಇಟ್ಟು ತೋರಿಸುವ ನೋವಿಗೂ ಇರುವ ವ್ಯತ್ಯಾಸ ಅನುಭವಿ ಸಿಸ್ಟರ್‌ಗಳಿಗೆ ಗೊತ್ತು. ಅದು ಅವರ ತಲೆಯಲ್ಲಿದೆ, ಯಾವ ಕನ್ನಡ ಪುಸ್ತಕದಲ್ಲೂ ಕೂತಿಲ್ಲ. ಸೀಮೆ ಸೀಮೆಯ ರೋಗಲಕ್ಷಣದ ಪದಗಳನ್ನು ಅವರಿಂದಲೇ ಕೇಳಿ ಬರೆದು ಪಾಠ ಮಾಡಿದರೆ ದೊಡ್ಡ ಖರ್ಚೇನೂ ಇಲ್ಲ.

ಇಂಗ್ಲಿಷ್ ಬೇಡವೆಂದು ಇದರರ್ಥವಲ್ಲ. ಔಷಧದ ಹೆಸರು, ಕೇಸ್ ಶೀಟ್, ಸಂಶೋಧನೆ, ನಾಳೆ ಹೊರದೇಶದ ಕೆಲಸ ಎಲ್ಲಕ್ಕೂ ಇಂಗ್ಲಿಷ್ ಬೇಕು. ಕೇರಳದಿಂದ ಬಂದು ಇಲ್ಲಿ ಓದುವ ವಿದ್ಯಾರ್ಥಿಗಳಿಗೆ ಕನ್ನಡವೇ ಹೊಸದು. ಬೇಲೂರಿನ ಕಾಫಿ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರಿದ್ದಾರೆ. ಅವರ ಮುಂದೆ ಹಾಸನದ ಹುಡುಗಿಯ ಕನ್ನಡವೂ ಸೋಲುತ್ತದೆ. ಹಾಗಾಗಿ ಇದು ಭಾಷಾಭಿಮಾನದ ಮಾತಲ್ಲ. ಎದುರಿಗಿರುವವರ ಮಾತು ತನಗೆ ಪೂರ್ತಿ ದಕ್ಕಿಲ್ಲ ಎಂಬ ಅರಿವು ನರ್ಸ್‌ಗೆ ಇರಬೇಕು. ದುಭಾಷಿಯನ್ನು ಹುಡುಕುವುದು, ಚಿತ್ರ ತೋರಿಸುವುದು, ಮತ್ತೆ ಕೇಳುವುದು ಎಲ್ಲವೂ ಆ ಅರಿವಿನಿಂದ ಬರುತ್ತವೆ.

ಕನ್ನಡ ಬಲ್ಲವರಿಗೂ ಇಲ್ಲೊಂದು ಬಲೆಯಿದೆ. ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲೇ ಸಮಾಜ ಕೂತಿದೆ. ಒಬ್ಬರಿಗೆ 'ಮಲಗಿ', ಇನ್ನೊಬ್ಬರಿಗೆ 'ಮಲಕ್ಕೋ'. ಬಟ್ಟೆ, ಚಪ್ಪಲಿ, ಜೊತೆಗೆ ಬಂದವರ ಮಾತಿನ ಧಾಟಿ ನೋಡಿ ಈ ಆಯ್ಕೆ ತಂತಾನೇ ಆಗಿಬಿಡುತ್ತದೆ. 'ಬಾರಜ್ಜಿ' ಎಂಬುದರಲ್ಲಿ ಅಕ್ಕರೆಯೂ ಇರಬಹುದು. ಹಳ್ಳಿಯ ಕಿವಿಗೆ ಅಕ್ಕರೆಗೂ ತಾತ್ಸಾರಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು ಅಭ್ಯಾಸ, ಎದುರಿಗೆ ರೋಗಿ ಎಚ್ಚರವಾಗಿ ಕೂತಿದ್ದರೂ ಮಗನನ್ನು 'ಇವರಿಗೆ ಏನಾಗ್ತಿದೆ?' ಎಂದು ಕೇಳುವುದು. ವಯಸ್ಕರೆಂದರೆ ತಮ್ಮ ಮೈಯ ಬಗ್ಗೆ ತಾವೇ ಉತ್ತರ ಕೊಡಬಲ್ಲವರು. ಆ ಉತ್ತರ ಕಸಿದುಕೊಂಡ ಮೇಲೆ ಆರೈಕೆ ರೋಗಿಕೇಂದ್ರಿತವಾಗುವುದಿಲ್ಲ, ಸುರಕ್ಷಿತವೂ ಆಗುವುದಿಲ್ಲ. ಹೆಪ್ಪು ಕರಗಿಸುವ ಮದ್ದು ಕೊಡುವ ಮೊದಲು ಹಿಂದಿನ ತಿಂಗಳುಗಳಲ್ಲಿ ತಲೆಗೆ ಪೆಟ್ಟಾಗಿತ್ತೇ, ಲಕ್ವ ಹೊಡೆದಿತ್ತೇ, ಆಪರೇಷನ್ ಆಗಿತ್ತೇ, ಎಲ್ಲಾದರೂ ರಕ್ತ ಹೋಗುತ್ತಿದೆಯೇ ಎಂದು ಕೇಳಲೇಬೇಕು. ತಪ್ಪಿದರೆ ಅದೇ ಮದ್ದು ಮಿದುಳಿನಲ್ಲಿ ರಕ್ತಸ್ರಾವ ತರಬಹುದು. ಎರಡು ತಿಂಗಳ ಹಿಂದೆ ತೆಂಗಿನ ಮರದಿಂದ ಬಿದ್ದು ತಲೆ ಒಡೆದುಕೊಂಡದ್ದನ್ನು ಊರಿನಿಂದ ದೂರ ಇರುವ ಮಗ ಹೇಳಲಾರ, ಅವನಿಗೆ ಗೊತ್ತೇ ಇರುವುದಿಲ್ಲ. ಗದರಿಸಿಕೊಂಡ ಅಪ್ಪನೂ ಹೇಳಲಾರ.

ಬೇಲೂರಿನ ಸೀಮೆಯಲ್ಲಿ ಹಾವು ಕಡಿತ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿಸುತ್ತದೆ. ಹಾವು ಕಡಿತವನ್ನು ಅಧಿಸೂಚಿತ ಪ್ರಕರಣವೆಂದು ಕರ್ನಾಟಕ 2024ರಲ್ಲಿ ಘೋಷಿಸಿತು. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಕಡಿದದ್ದು ಕೊಳಕುಮಂಡಲವಾಗಿದ್ದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡಿದರೆ ಸಾಕು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ನಳಿಕೆಯನ್ನು ಸೋಪಿನಲ್ಲಿ ತೊಳೆದಿದ್ದರೆ, ಗಾಜಿನ ಬದಲು ಪ್ಲಾಸ್ಟಿಕ್ ಬಳಸಿದರೆ, ಹತ್ತನೆಯ ನಿಮಿಷಕ್ಕೇ ತಾಳ್ಮೆಗೆಟ್ಟು ಅಲುಗಿಸಿದರೆ ಪರೀಕ್ಷೆ ಕೆಟ್ಟಿತು. ಇದು ಕೈಯ ಶಿಸ್ತು. ಆ 20 ನಿಮಿಷದಲ್ಲಿ ಪಕ್ಕದಲ್ಲಿ ಕೂತು ಕೇಳುವುದೂ ಅಷ್ಟೇ ದೊಡ್ಡ ಶಿಸ್ತು. ಎಷ್ಟು ಹೊತ್ತಿಗೆ ಕಡಿಯಿತು? ಹಗ್ಗ ಬಿಗಿದಿದ್ದರಾ? ಬ್ಲೇಡಿನಲ್ಲಿ ಕೊಯ್ದರಾ? ನಾಟಿ ಮದ್ದು ಕುಡಿಸಿದರಾ? 'ಮಂತ್ರ ಹಾಕ್ಸೋಕೆ ಹೋಗಿದ್ರಾ, ಬುದ್ಧಿ ಇಲ್ವಾ?' ಎಂದು ಶುರುಮಾಡಿದವರಿಗೆ ಈ ಯಾವ ಪ್ರಶ್ನೆಗೂ ನಿಜವಾದ ಉತ್ತರ ಸಿಗುವುದಿಲ್ಲ. ಬೈಗುಳಕ್ಕೆ ಹೆದರಿದವರು ಸಮಯ ತಪ್ಪು ಹೇಳುತ್ತಾರೆ, ಆ ತಪ್ಪು ಸಮಯದ ಮೇಲೆಯೇ ಮುಂದಿನ ಚಿಕಿತ್ಸೆಯ ಲೆಕ್ಕ ನಡೆಯುತ್ತದೆ.

ಮನೆಗೆ ಕಳಿಸುವ ಹೊತ್ತಿನದು ಇನ್ನೊಂದು ಕಥೆ. ನಮ್ಮ ಜನ ಕಥೆಗೆ ಹೂಂಗುಟ್ಟುವವರು. ಅದೇ ಅಭ್ಯಾಸ ಆಸ್ಪತ್ರೆಯಲ್ಲೂ ಮುಂದುವರಿಯುತ್ತದೆ. ಸಿಸ್ಟರ್ ಹೇಳಿದ್ದಕ್ಕೆಲ್ಲ 'ಹೂಂ', 'ಆಯ್ತು ಕಣಮ್ಮ'. ಆ ಹೂಂ ಗೌರವಕ್ಕೆ ಬಂದದ್ದು. ಅರ್ಥವಾಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಇನ್ಸುಲಿನ್ ಒಂದನ್ನೇ ನೋಡಿ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದೂ ಸಿಗುತ್ತದೆ, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. 40ರ ಮದ್ದನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ, ಸಕ್ಕರೆ ಇಳಿಯುವುದಿಲ್ಲ. 100ರ ಮದ್ದನ್ನು ಕೆಂಪು ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಹೋಗುವುದು 50 ಯೂನಿಟ್. ರೋಗಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಮೆಡಿಕಲ್ ಶಾಪಿನಲ್ಲಿ ಕೆಂಪು ಮುಗಿದಿದೆ ಎಂದು ಕಿತ್ತಳೆ ಕೊಟ್ಟರೆ ಹಿಡಿದುಕೊಂಡು ಬರುವವರು ಎಷ್ಟೋ ಮಂದಿ. 'ಗೊತ್ತಾಯ್ತಾ?' ಎಂದು ಕೇಳಿದರೆ ಹೂಂ ಸಿಗುತ್ತದೆ. 'ಮನೇಲಿ ಹೇಗೆ ತಗೊಳ್ತೀರಿ, ಒಂದ್ಸಲ ಎಳೆದು ತೋರಿಸಿ' ಎಂದರೆ ತಪ್ಪು ಸಿಗುತ್ತದೆ. 'ಸೊಸೆಗೆ ಏನಂತ ಹೇಳಿಕೊಡ್ತೀರಾ?' ಎಂದರೆ ಇನ್ನೂ ಒಳ್ಳೆಯದು. ಪರೀಕ್ಷೆ ಕೊಟ್ಟಂತೆ ಅನ್ನಿಸುವುದಿಲ್ಲ.

ಊಟದ ಮಾತೂ ಹೀಗೆಯೇ. 'ಅನ್ನ ಬಿಡಿ' ಎಂಬ ಸಲಹೆಗೆ ಈ ಕಡೆಯವರು ತಲೆಯಾಡಿಸಿ, ಅನ್ನದ ಜಾಗಕ್ಕೆ ಇನ್ನೊಂದು ಮುದ್ದೆ ಇಡುತ್ತಾರೆ. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ಮುದ್ದೆ ಎಷ್ಟು ದಪ್ಪ, ದಿನಕ್ಕೆ ಎಷ್ಟು, ಜೊತೆಗೆ ಸೊಪ್ಪು-ಕಾಳು ಇದೆಯೋ ಬರೀ ತಿಳಿಸಾರೋ ಎಂದು ಕೇಳದೆ ಕೊಟ್ಟ ಆಹಾರಪಟ್ಟಿಯನ್ನು ರೋಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ, ಅಷ್ಟೇ.

ಇದಕ್ಕೆಲ್ಲ ಒಂದು ಗಟ್ಟಿ ಆಕ್ಷೇಪವಿದೆ. ವಾರ್ಡ್ ತುಂಬ ರೋಗಿಗಳು, ರಾತ್ರಿ ಪಾಳಿಗೆ ಇರುವವರು ಒಬ್ಬರೋ ಇಬ್ಬರೋ. ಕೂತು ಕೇಳು ಎನ್ನುವುದು ಸುಲಭ, ಕೂರುವುದಕ್ಕೆ ಸ್ಟೂಲೂ ಇಲ್ಲ, ಸಮಯವೂ ಇಲ್ಲ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಇದಕ್ಕೆ ಪುರಾವೆಯೇ ಇದೆ. ಲಿಂಡಾ ಏಕೆನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳ ಸಂಖ್ಯೆಗೆ ಒಂದು ಸೇರಿದರೆ, ಶಸ್ತ್ರಚಿಕಿತ್ಸೆಗೆ ದಾಖಲಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿತ್ತು. ಅದೇ ಅಧ್ಯಯನದ ಇನ್ನೊಂದು ಮುಖವೂ ಇದೆ. ಪದವಿ ಓದಿದ ನರ್ಸ್‌ಗಳ ಪಾಲು ಶೇ 10ರಷ್ಟು ಏರಿದಲ್ಲಿ ಆ ಸಂಭವ ಶೇ 7ರಷ್ಟು ತಗ್ಗಿತ್ತು. ಅಂದರೆ ಸಂಖ್ಯೆಯೂ ಬೇಕು, ಶಿಕ್ಷಣವೂ ಬೇಕು. ಖಾಲಿ ಹುದ್ದೆ ತುಂಬದೆ 'ನಗುಮುಖದಿಂದ ಸೇವೆ' ಎಂಬ ಫಲಕ ಹಾಕುವುದು ಮೋಸ. ಹುದ್ದೆ ತುಂಬಿ ಕೇಳಲು ಕಲಿಸದಿರುವುದು ಇನ್ನೊಂದು ಮೋಸ. ಅವಸರದಲ್ಲಿ ಉಳಿಸಿದ ಎರಡು ನಿಮಿಷ ಎಲ್ಲಿಗೂ ಹೋಗುವುದಿಲ್ಲ. ತಪ್ಪು ಡೋಸ್ ಆಗಿ, ವಾರದೊಳಗೆ ಮತ್ತೆ ದಾಖಲಾತಿಯಾಗಿ ಅದೇ ವಾರ್ಡಿಗೆ ಮರಳುತ್ತದೆ.

ಹಾಗಾದರೆ ಕಲಿಕೆ ಎಲ್ಲಿ ಬದಲಾಗಬೇಕು? ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ವಿದ್ಯಾರ್ಥಿ ವೈದ್ಯರ ದಂಡಿನ ಹಿಂದೆ ಕಡೆಯವರಾಗಿ ನಿಲ್ಲುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅವರೇ ಮುಂದೆ. ಹಾಸನದ ಸುತ್ತ ಓದುವವರಿಗೆ ಅರಸೀಕೆರೆಯ ಬಯಲುಸೀಮೆಯೂ ಬೇಲೂರಿನ ಮಲೆನಾಡಿನ ಅಂಚೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. ಒಂದು ಕಡೆ ಮರದಿಂದ ಬಿದ್ದವರು, ಇನ್ನೊಂದು ಕಡೆ ಹಾವು ಕಡಿದವರು, ಎರಡೂ ಕಡೆ ಸಕ್ಕರೆ ಕಾಯಿಲೆ. ಹಿರಿಯ ಸಿಸ್ಟರ್ ಒಬ್ಬರ ಜೊತೆ ಅಲ್ಲಿ ಕೆಲವು ವಾರ ರಾತ್ರಿ ಪಾಳಿ ಮಾಡಿಸಿ, ಅವರನ್ನೇ ಗುರುವೆಂದು ಮಾನ್ಯ ಮಾಡಿ, ಅದಕ್ಕೆ ಅಂಕ ಕೊಡಬೇಕು. ಪರೀಕ್ಷೆಯಲ್ಲಿ ರೋಗದ ಲಕ್ಷಣ ಬರೆಯಿರಿ ಎಂದು ಕೇಳುವಂತೆ, 'ಗ್ಯಾಸ್ಟ್ರಿಕ್' ಎಂದು ಬಂದವರನ್ನು ಏನೇನು ಕೇಳುತ್ತೀರಿ ಎಂದೂ ಕೇಳಬೇಕು.

ಕೇಳಿಸಿಕೊಳ್ಳುವ ಗುಣ ಆಸ್ಪತ್ರೆಗೂ ಬರಬೇಕು. ತಪ್ಪಾದಾಗ ಮೆಮೊ ಕೊಡುವ ಜಾಗದಲ್ಲಿ ಯಾರೂ ತಪ್ಪು ಹೇಳಿಕೊಳ್ಳುವುದಿಲ್ಲ. ಸಿರಿಂಜ್ ಅದಲುಬದಲಾಗಿ, ಚುಚ್ಚುವ ಮೊದಲು ಕಣ್ಣಿಗೆ ಬಿದ್ದು ಸರಿಹೋದ ಘಟನೆ ಎಲ್ಲಕ್ಕಿಂತ ಒಳ್ಳೆಯ ಪಾಠ. ಆದರೆ ಭಯವಿರುವಲ್ಲಿ ಅದು ಆ ಪಾಳಿಯಲ್ಲೇ ಹೂತುಹೋಗುತ್ತದೆ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಕೊರೆದಿವೆ. ಇದು ನನ್ನ ಕೈಕೆಲಸ ಎಂದು ಅವರು ಹೇಳಿಕೊಂಡರು. ಹೇಳಿಕೊಳ್ಳಲು ಅವಕಾಶವೂ ಇತ್ತು. ನಮ್ಮ ನರ್ಸ್‌ಗಳು ದಿನಕ್ಕೆ ಹತ್ತಾರು ಬಾರಿ ಔಷಧದ ಚಾರ್ಟಿನಲ್ಲಿ ಸಹಿ ಹಾಕುತ್ತಾರೆ. ತಪ್ಪಾದಾಗ ಆ ಸಹಿ ಅವರನ್ನು ಹಿಡಿಯಲು ಬೇಕಾಗುತ್ತದೆ. ಸರಿಯಾದದ್ದಕ್ಕೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಹಳೇಬೀಡಿನ ಕಡೆಯ ಆ ಅಜ್ಜಿಯ ಇಸಿಜಿ ಸರಿಯಾಗಿ ಬಂತು ಎಂದುಕೊಳ್ಳೋಣ. ಮದ್ದು ಬಿತ್ತು, 108 ಹಾಸನದತ್ತ ಹೊರಟಿತು. ಜೊತೆಗಿರುವ ಚೀಟಿಯಲ್ಲಿ ನೋವು ಶುರುವಾದ ಹೊತ್ತು, ಮದ್ದು ಕೊಟ್ಟ ಹೊತ್ತು, 'ತಲೆಗೆ ಪೆಟ್ಟಾಗಿಲ್ಲ, ರಕ್ತ ಹೋಗಿಲ್ಲ' ಎಂಬ ಎರಡು ಸಾಲು, ಕೆಳಗೊಂದು ಸಹಿ ಇದೆ. ಜೀವ ಉಳಿಸಿದ ಕೀರ್ತಿ ಯಂತ್ರಕ್ಕೂ ಔಷಧಕ್ಕೂ ಯೋಜನೆಗೂ ಹೋಗುತ್ತದೆ, ಹೋಗಲಿ. ಮಗ ಮಾತ್ರ ಒಂದು ವಾರದ ನಂತರ, ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗುವಾಗ, 'ಅವತ್ತು ಬಾಗಿಲು ಹಾಕಿದ ಸಿಸ್ಟರ್ ಯಾರು?' ಎಂದು ಕೇಳಬಹುದು. ನಮ್ಮ ಶಿಕ್ಷಣ ಸಿದ್ಧಮಾಡಬೇಕಾದದ್ದು ಬಾಗಿಲು ಹಾಕಲು ನೆನಪಿಡುವ ಆ ಒಬ್ಬರನ್ನು.